ಗುಡುಗಿಗೆ ಬೈಯುವ ಆಟ

ಹೆದರುಪುಕ್ಕಲರನ್ನು ಕಂಡರೆ ಕೆಂಚಮ್ಮನಿಗೆ ಮೈಯೆಲ್ಲ ಉರಿ. ಬೆಳಗೋಡಿನಾಚೆಯ ಎಸ್ಟೇಟೊಂದರಲ್ಲಿ ಹನ್ನೆರಡನೇ ವಯಸ್ಸಿಗೇ ಕಾಫಿ ಹಣ್ಣು ಬಿಡಿಸಲು ನಿಂತವಳು ಅವಳು. ಒಂದು ವರ್ಷ, ನೆರಳಿನ ಮರಗಳನ್ನು ಸವರುವ ಮರಗಸಿಯವರು ಕಡಿದ ಕೊಂಬೆ ಸೊಂಟದ ಮೇಲೆ ಬಿದ್ದು ಆರು ತಿಂಗಳು ಮಲಗಿದಳು. ಎದ್ದು ಬಂದಾಗ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಏಕಾಂತಯ್ಯ, "ತೋಟದ ಕೆಲಸ ಸಾಕು, ಲೈನ್ ಮನೆ ಕೂಲಿಯವರ ಮಕ್ಕಳನ್ನ ನೋಡ್ಕೊಂಡಿರು" ಎಂದು ಕಾಫಿ ಮೂಟೆ ಇಡುವ ಸ್ಟೋರಿಗೆ ಅಂಟಿಕೊಂಡಿದ್ದ ತಗಡಿನ ಕೋಣೆ ತೋರಿಸಿದರು. ಅದಾಗಿ ಇಪ್ಪತ್ತೆರಡು ವರ್ಷವಾಯಿತು. ಅಳುವ ಮಗುವಿನ ಕೈಗೆ ಮೊಬೈಲ್ ತುರುಕಿ ಕೆಲಸಕ್ಕೆ ಓಡುವ ತಾಯಂದಿರನ್ನು ಕಂಡರೆ, "ಹೆತ್ತಿದ್ದು ನೀನೋ, ಆ ಡಬ್ಬಿನೋ?" ಎಂದು ಮುಖಕ್ಕೇ ಕೇಳುವಳು.

ಈ ಸಲ ಮೇ ತಿಂಗಳಲ್ಲಿ, ಕಾಫಿ ಕೊಳ್ಳುವ ಕಂಪನಿಯೊಂದು ವಾಣಿ ಎಂಬ ಹುಡುಗಿಯನ್ನು ಕಳಿಸಿಕೊಟ್ಟಿತು. ಬೇಸಿಗೆಯ ಗುಡುಗು ಮಳೆಯ ದಿನಗಳಲ್ಲಿ ಮಕ್ಕಳನ್ನು ಒಳಗೇ ಖುಷಿಯಾಗಿಡುವುದು ಹೇಗೆಂದು ಕೆಂಚಮ್ಮನಿಗೆ ಕಲಿಸಬೇಕಂತೆ! ಕೆಂಚಮ್ಮ ಅವಳನ್ನು ಅಡಿಯಿಂದ ಮುಡಿಯವರೆಗೂ ನೋಡಿದಳು. ಬಿಳೀ ಷೂ, ಬಣ್ಣಬಣ್ಣದ ಕಾರ್ಡುಗಳ ಚೀಲ.

"ನಿಮಗೆ ಮಕ್ಕಳೆಷ್ಟು ಮೇಡಮ್ಮೋರೇ?"

"ಇನ್ನೂ ಮದುವೆ ಆಗಿಲ್ಲ ಅಜ್ಜಿ."

"ಹಂಗಾದ್ರೆ ಎಲ್ಲಾ ಗೊತ್ತಿರ್ತದೆ ಬಿಡಿ."

ಮೂರು ಗಂಟೆಗೆ ಪಡುವಣ ದಿಕ್ಕು ಕಪ್ಪಾಯಿತು. ಗುಡುಗು ಶುರುವಾಗಿ ಕರೆಂಟು ಹೋಯಿತು. ವಾಣಿ ಮೊದಲನೇ ಕಾರ್ಡು ಎತ್ತಿ, "ಮಕ್ಕಳೇ, ಮೋಡಕ್ಕೆ ಯಾವ ಬಣ್ಣ..." ಎನ್ನುವಷ್ಟರಲ್ಲಿ ಆಲಿಕಲ್ಲು ತಗಡಿನ ಮೇಲೆ ಸುರಿಯತೊಡಗಿತು. ಅವಳ ಬಾಯಿ ಆಡುತ್ತಿತ್ತು, ಮಾತು ಮಾತ್ರ ಕೇಳಲಿಲ್ಲ. ಮಕ್ಕಳು ಒಂದರ ಹಿಂದೊಂದು ಅಳಲು ಶುರುಮಾಡಿದವು. ಕೆಂಚಮ್ಮ ಸ್ವಲ್ಪ ಹೊತ್ತು ಬೇಕೆಂದೇ ಸುಮ್ಮನೆ ಕೂತು ನೋಡಿದಳು. ಆಲಿಕಲ್ಲಿನ ಸದ್ದು ತಗ್ಗಿದ ಮೇಲೆ ಖಾಲಿ ಗೋಣಿಚೀಲಗಳನ್ನು ನೆಲಕ್ಕೆ ಹಾಸಿ, ಹಲಸಿನ ಬೀಜ ಸುಡಲು ಒಲೆಗೆ ಹಾಕಿ, ಸೊಂಟಕ್ಕೆ ಕೈಕೊಟ್ಟು ನಿಂತಳು.

"ಯಾವನೋ ಅವನು, ಮೇಲೆ ಡ್ರಮ್ಮು ಉರುಳಿಸ್ತಾ ಇರೋನು? ಬೈಯ್ರೋ ಅವನಿಗೆ!"

ಮತ್ತೆ ಗುಡುಗಿತು. "ಬಾಯ್ಮುಚ್ಚೋ ಕೋತಿ!" ಎಂದು ಒಬ್ಬ ಕೂಗಿದ. ಮತ್ತೊಂದು ಗುಡುಗಿಗೆ, "ಹೋಗೋ ಗೊರಕೆ ಮುಂಡೇದೆ!" ಗುಡುಗು ಯಾವಾಗ ಬರುತ್ತದೋ ಎಂದು ಮಕ್ಕಳೇ ಕಾಯತೊಡಗಿದವು. ಸರದಿಗಾಗಿ ಜಗಳವಾಯಿತು. ಹೊಸ ಬೈಗುಳ ಕಂಡುಹಿಡಿದವನಿಗೆ ಒಂದು ಬೀಜ ಜಾಸ್ತಿ. ಕಾರ್ಡು ಹಿಡಿದು ನಿಂತಿದ್ದ ವಾಣಿಯ ಕಡೆ ಕೆಂಚಮ್ಮ ಹುಬ್ಬು ಹಾರಿಸಿದಳು: ಕಲಿತ್ಕೊ!

ಆದರೆ ನಾಲ್ಕು ವರ್ಷದ ಲಕ್ಷ್ಮಿ ಬೈಯಲಿಲ್ಲ. ಮೂಲೆಯ ಮೇಜಿನ ಕೆಳಗೆ ಮುದುರಿ ಕೂತಿದ್ದಳು.

"ಥೂ, ಇಲಿಮರಿ! ಹೊರಗೆ ಬಾರೇ," ಎಂದಳು ಕೆಂಚಮ್ಮ. ಹುಡುಗಿ ಇನ್ನೂ ಒಳಕ್ಕೆ ಸರಿದಳು.

ವಾಣಿ ಕಾರ್ಡುಗಳನ್ನು ಕೆಳಗಿಟ್ಟು ತಾನೂ ಮೇಜಿನಡಿ ತೂರಿದಳು. ಬಿಳೀ ಷೂ ಧೂಳಾಯಿತು. ಮಗುವನ್ನು ಕರೆಯಲೂ ಇಲ್ಲ, ಮುಟ್ಟಲೂ ಇಲ್ಲ, ಪಕ್ಕದಲ್ಲಿ ಕೂತಳಷ್ಟೇ. ಸಿಡಿಲು ಬಡಿದಾಗ ಅವಳೇ ಬೆಚ್ಚಿಬಿದ್ದು, "ನಂಗೂ ಭಯ ಕಣೇ," ಎಂದಳು. ಲಕ್ಷ್ಮಿ ಅವಳ ಮುಖವನ್ನೇ ನೋಡಿದಳು. ಆಮೇಲೆ ತೊಡೆ ಹತ್ತಿ ಕೂತು, ಮುಂದಿನ ಗುಡುಗಿಗೆ ಪಿಸುಗುಟ್ಟಿದಳು: "ಮೆಲ್ಲಗೆ ಬಾರೋ."

ಮೇಜಿನ ಪಕ್ಕದಲ್ಲೇ ನಿಂತಿದ್ದ ಕೆಂಚಮ್ಮನಿಗೆ ಅದು ಕೇಳಿಸಿತು. ಭಯವಾಗುತ್ತದೆ ಎಂದು ಬಾಯಿಬಿಟ್ಟು ಹೇಳುವುದೂ ಒಂದು ವಿದ್ಯೆಯೇ? ಇಪ್ಪತ್ತೆರಡು ವರ್ಷದಲ್ಲಿ ಈ ಮೇಜಿನಡಿ ಎಷ್ಟು ಮಕ್ಕಳು ಕೂತಿದ್ದವು, ತಾನು ಎಷ್ಟು ಮಕ್ಕಳನ್ನು ಕಾಲು ಹಿಡಿದು ಎಳೆದಿದ್ದಳು. ಅದೆಲ್ಲ ಯಾಕೋ ಒಮ್ಮೆಗೇ ನೆನಪಾಗಿ ಅವಳಿಗೆ ಕಸಿವಿಸಿಯಾಯಿತು. ಕಸಿವಿಸಿಯಾದದ್ದಕ್ಕೆ ಇನ್ನಷ್ಟು ಸಿಟ್ಟು ಬಂತು.

"ಇಬ್ಬರೂ ಇಲಿಗಳೇ," ಎಂದು ಗೊಣಗುತ್ತ ಎರಡು ಹಿಡಿ ಬಿಸಿ ಬೀಜ ತಂದು ಮೇಜಿನಡಿಗೆ ತಳ್ಳಿದಳು. "ಸಿಪ್ಪೆ ಬಿಡಿಸಿ ಕೊಡಿ ಮೇಡಮ್ಮೋರೇ, ಅದರ ಕೈ ಸುಟ್ಟುಬುಟ್ಟೀತು."

ಸಂಜೆ ಲಕ್ಷ್ಮಿಯ ತಾಯಿ ಶೀಲಾ ಮಳೆಯಲ್ಲಿ ತೊಯ್ದುಕೊಂಡು ಓಡಿಬಂದು, "ಅತ್ತುಬುಟ್ಲಾ ಕೆಂಚಮ್ಮಾ?" ಎಂದು ಕೇಳಿದಳು.

"ಇಲ್ಲ ಕಣೆ. ಗುಡುಗಿಗೇ ಬುದ್ಧಿ ಹೇಳಿದ್ಲು ನಿನ್ ಮಗಳು," ಎಂದಳು ಕೆಂಚಮ್ಮ, ಬೇರೆ ಕಡೆ ನೋಡುತ್ತ.