ಕಳ್ಳಿ ಬರೆದಿಟ್ಟ ಚೀಟಿ

ಪೀಣ್ಯದ ಆ ಕಾರ್ಖಾನೆಯ ಮ್ಯಾನೇಜರ್ ಬಾಯಲ್ಲಿ ಎಲ್ಲವೂ ಕಳ್ಳತನವೇ. ಬಾತ್‌ರೂಮಿನಲ್ಲಿ ಐದು ನಿಮಿಷ ಹೆಚ್ಚಾದರೆ ಟೈಮ್ ಕದ್ದಂತೆ. ಕೈ ಒರೆಸಿಕೊಂಡ ಚಿಂದಿ ಜೇಬಿನಲ್ಲಿ ಉಳಿದರೆ ಮಾಲು ಕದ್ದಂತೆ. ಜ್ವರ ಬಂದು ಮಲಗಿದವನು ಮೈಗಳ್ಳ. ಆ ಮನುಷ್ಯನನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಕ್ಷಮಿಸುವ ಯೋಚನೆಯೂ ಇಲ್ಲ.

ನಾನು ಅಲ್ಲಿ ಸ್ಟೋರ್ ನೋಡಿಕೊಳ್ಳುತ್ತಿದ್ದೆ. ಸೇರಿದ ದಿನ ನನ್ನ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಅಸಲು ಪ್ರತಿಯನ್ನೇ “ಎರಡು ದಿನ, ವೆರಿಫಿಕೇಶನ್‌ಗೆ” ಎಂದು ಇಸಿದುಕೊಂಡಿದ್ದರು. ಮೂರು ವರ್ಷವಾದರೂ ಆ ಎರಡು ದಿನ ಮುಗಿದಿರಲಿಲ್ಲ. ಎಲ್ಲರದ್ದೂ ಹಾಗೆಯೇ. ಕಾಗದ ಅವರ ಕೈಲಿದ್ದರೆ ನಾವು ಬೇರೆ ಕಡೆ ಹೋಗುವಂತಿಲ್ಲವಲ್ಲ. ಲಗ್ಗೆರೆಯ ಬಾಡಿಗೆ ಕೋಣೆಯಲ್ಲಿ ನನ್ನ ಜೊತೆಗಿದ್ದ ಗದಗದ ಹುಡುಗಿ ಅದೇ ಕಾರ್ಖಾನೆಯ ಪ್ಯಾಕಿಂಗ್‌ನಲ್ಲಿದ್ದಳು. ನರ್ಸಿಂಗ್ ಸೇರುವ ಆಸೆ ಅವಳಿಗೆ. ತನ್ನ ಅಂಕಪಟ್ಟಿಗಾಗಿ ಎರಡು ವರ್ಷದಿಂದ ಮ್ಯಾನೇಜರ್ ಮುಂದೆ ಕೈಮುಗಿಯುತ್ತಿದ್ದಳು.

ಆಫೀಸಿನಲ್ಲಿ ಜಾಗವಿಲ್ಲವೆಂದು ಆ ಅಂಕಪಟ್ಟಿಗಳ ಬೀರುವನ್ನು ನನ್ನ ಸ್ಟೋರಿನಲ್ಲೇ ಇಟ್ಟಿದ್ದರು. ಕೀಲಿ ನನ್ನ ಕುರ್ಚಿಯ ಹಿಂದಿನ ಮೊಳೆಯಲ್ಲಿ ನೇತಾಡುತ್ತಿತ್ತು. ಮೂರು ವರ್ಷ ನಾನದನ್ನು ಮುಟ್ಟಲಿಲ್ಲ. ಅಷ್ಟು ಒಳ್ಳೆಯವಳಾಗಿದ್ದೆ, ಅಂದರೆ ಅಷ್ಟು ಪೆದ್ದಿ.

ಆಮೇಲೆ ಒಂದು ಆಸ್ಪತ್ರೆಯ ಔಷಧಿ ಉಗ್ರಾಣದಲ್ಲಿ ಕೆಲಸ ಸಿಕ್ಕಿತು. ಸೋಮವಾರ ಅಸಲು ಅಂಕಪಟ್ಟಿ ತೋರಿಸಬೇಕು, ಇಲ್ಲದಿದ್ದರೆ ಆ ಕೆಲಸ ಇನ್ನೊಬ್ಬರಿಗೆ. ಹೋಗಿ ಮ್ಯಾನೇಜರನ್ನು ಕೇಳಿದೆ.

“ಕೆಲ್ಸ ಬಿಟ್ಟು ಆರು ತಿಂಗಳಾದ್ಮೇಲೆ ಕೊಡೋದು. ಕೇಳ್ದಾಗೆಲ್ಲ ಕೊಡಕ್ಕೆ ಅದೇನು ನಿಮ್ಮಪ್ಪನ ಮನೆ ಬೀರೂನಾ? ಹೋಗಮ್ಮ,” ಎಂದ.

ಶನಿವಾರ ಮಧ್ಯಾಹ್ನ ಬೀರು ತೆಗೆದೆ. ಕಟ್ಟಿನಲ್ಲಿ ನನ್ನದು ಮೇಲಿನಿಂದ ನಾಲ್ಕನೆಯದು. ಅದನ್ನು ಎತ್ತಿಕೊಂಡು ಉಳಿದವನ್ನು ಅಂಚು ಕೂಡಿಸಿ ಇಟ್ಟೆ. ಇಷ್ಟಕ್ಕೇ ಸುಮ್ಮನಾಗಿದ್ದರೆ ಒಂದು ಕಾಗದ ಕಡಿಮೆಯಾಗಿದೆ ಎಂದೇ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಸ್ಟೋರಿನಿಂದ ಒಂದು ವಾಷರ್ ಹೊರಗೆ ಹೋದರೂ ಚೀಟಿ ಬರೆಯುವುದು ನನ್ನ ಕೆಲಸ. ಕೈ ತಾನಾಗಿಯೇ ಬರೆಯಿತು: ‘ಅಂಕಪಟ್ಟಿ, ಅಸಲು, ಒಂದು.’ ಪಡೆದವರು ಎನ್ನುವ ಕಡೆ ನನ್ನ ಸಹಿ. ಚೀಟಿಯನ್ನು ಕಟ್ಟಿನ ಮೇಲಿಟ್ಟು ಬೀಗ ಹಾಕಿದೆ.

ಅವತ್ತು ಸಂಜೆಯೇ ಮ್ಯಾನೇಜರ್ ಯಾವುದೋ ಕಾಗದಕ್ಕೆಂದು ಬೀರು ತೆಗೆದು ಚೀಟಿ ನೋಡಿದನಂತೆ. ಭಾನುವಾರ ಬೆಳಿಗ್ಗೆ ಕೋಣೆಗೆ ಪೊಲೀಸ್ ಪೇದೆ ಬಂದ. ಮನೆ ಓನರ್ ಹೆಂಗಸು ಮಹಡಿಯಿಂದಲೇ “ಅಯ್ಯೋ, ಕಳ್ಳಿನ ಮನೇಲಿಟ್ಕೊಂಡಿದ್ವಲ್ಲಪ್ಪ!” ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದಳು. ಏನು ಕದ್ದೆನೆಂದು ಅವಳು ಕೇಳಲಿಲ್ಲ.

ಸ್ಟೇಷನ್ನಿನಲ್ಲಿ ಮ್ಯಾನೇಜರ್ ನನ್ನ ಚೀಟಿಯನ್ನು ಮೇಜಿನ ಮೇಲಿಟ್ಟ. ಪೇದೆಗೆ ನಗು ತಡೆಯಲಾಗಲಿಲ್ಲ. “ಸಾರ್, ಈ ಕಳ್ಳಿ ಸೈನ್ ಮಾಡಿ ಹೋಗವ್ಳೆ!”

ಸಬ್ ಇನ್‌ಸ್ಪೆಕ್ಟರ್ ಮಾತ್ರ ನಗಲಿಲ್ಲ. ನನ್ನ ಕೈಯಿಂದ ಅಂಕಪಟ್ಟಿ ಇಸಿದುಕೊಂಡು ಓದಿದರು. “ಇದರಲ್ಲಿರೋದು ಈಯಮ್ಮನ ಹೆಸರು. ನೀವ್ಯಾಕ್ರೀ ಇಟ್ಕೊಂಡಿದ್ರಿ?”

“ಕಂಪನಿ ಪಾಲಿಸಿ ಸಾರ್.”

“ಕೇಸ್ ನಿಲ್ಲಲ್ಲ ಕಣ್ರೀ.” ನನ್ನ ಕಡೆ ತಿರುಗಿದರು. “ಆದ್ರೂ ಬೀರು ಅವರದಮ್ಮ. ಕೇಳ್ದೆ ತೆಗ್ದಿದ್ದು ತಪ್ಪು. ಒಂದು ಮುಚ್ಚಳಿಕೆ ಬರ್ಕೊಟ್ಟು ಇದನ್ನ ತಗೊಂಡೋಗು.”

ಕಾನೂನಿನ ಮಾತು ಏನೆಂದು ಆಮೇಲೆ ಒಬ್ಬ ವಕೀಲರನ್ನು ಕೇಳಿ ತಿಳಿದುಕೊಂಡೆ. ರಿಪೇರಿಗೆ ಕೊಟ್ಟ ನಮ್ಮದೇ ಗಡಿಯಾರವನ್ನು ಕೂಲಿ ಕೊಡದೆ ಎತ್ತಿಕೊಂಡು ಬಂದರೆ ಅದು ಕಳ್ಳತನವೇ ಆಗಬಹುದಂತೆ. ಕೂಲಿ ಬಾಕಿ ಇಲ್ಲದೆ ಅಂಗಡಿಯವನು ಸುಮ್ಮನೆ ಇಟ್ಟುಕೊಂಡಿದ್ದನ್ನು ತಂದರೆ ಅಲ್ಲವಂತೆ. ನಾನು ಕಾರ್ಖಾನೆಗೆ ಏನು ಬಾಕಿ ಉಳಿಸಿಕೊಂಡಿದ್ದೆ? ಕಾನೂನಿನಲ್ಲಿ ಇಷ್ಟು ಸ್ಪಷ್ಟವಾಗಿ ಬರೆದಿಟ್ಟಿದ್ದರೂ ಅವತ್ತು ಆ ಮೇಜಿನ ಮುಂದೆ ಕಳ್ಳಿಯಾಗಿ ನಿಂತವಳು ನಾನೇ.

ಪೇದೆ ಹೇಳುತ್ತಾ ಹೋದ, ನಾನು ಬರೆದೆ. ‘ಇನ್ನು ಮುಂದೆ ಇಂತಹ ಕಳ್ಳತನ ಮಾಡುವುದಿಲ್ಲ.’ ಇನ್ನು ಮುಂದೆಯಂತೆ! ಆದರೆ ಮಾರನೆಯ ದಿನ ಸೋಮವಾರ. ಸಹಿ ಹಾಕಿ ಅಂಕಪಟ್ಟಿ ತೆಗೆದುಕೊಂಡೆ. ಮ್ಯಾನೇಜರ್ ಬೀರುವಿನ ಕೀಲಿಯನ್ನು ಬೆರಳಲ್ಲಿ ತಿರುಗಿಸುತ್ತಾ ಬೈಕ್ ಹತ್ತಿದ. ಅದರೊಳಗೆ ಇನ್ನೂ ಯಾರ ಯಾರ ಕಾಗದಗಳಿವೆ ಎಂದು ಸ್ಟೇಷನ್ನಿನಲ್ಲಿ ಒಬ್ಬರೂ ಅವನನ್ನು ಕೇಳಲಿಲ್ಲ. ನಾನೂ ಬಾಯಿ ಬಿಡಲಿಲ್ಲ.

ಕೋಣೆಗೆ ಬಂದಾಗ ಗದಗದ ಹುಡುಗಿ ಊಟ ಮಾಡದೆ ಕಾದು ಕೂತಿದ್ದಳು. ನನ್ನ ಅಂಕಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದಳು. ಆಮೇಲೆ ಮೆಲ್ಲಗೆ ಕೇಳಿದಳು:

“ಅಕ್ಕಾ, ನಂದೂ ಅಲ್ಲೇ ಇತ್ತೇನ್ರಿ?”

“ನೋಡಲಿಲ್ಲ ಕಣೇ,” ಎಂದೆ.

ಅವಳದು ನನ್ನದರ ಕೆಳಗೇ ಇತ್ತು. ಹೆಸರು ಓದಿದ್ದೆ. ನನ್ನದಲ್ಲವೆಂದು, ಅಂಚು ಕೂಡಿಸಿ ಒಳಗೇ ಇಟ್ಟು ಬಂದಿದ್ದೆ.