ಮೈಥಿಲಿ ಟೀಚರ್ ತಿರುಗಿ ನೋಡಿದ ವಿಳಾಸಗಳು

ನೈರೋಬಿಯ ಪಾರ್ಕ್‌ಲ್ಯಾಂಡ್ಸ್‌ನ ಸರ್ಕಾರಿ ಪ್ರಾಥಮಿಕ ಶಾಲೆಯೊಂದರಲ್ಲಿ ಮೈಥಿಲಿ ಹನ್ನೊಂದು ವರ್ಷದಿಂದ ಮಕ್ಕಳಿಗೆ ಓದು ಕಲಿಸುತ್ತಿದ್ದಾರೆ. ಸಂಬಳವಿಲ್ಲ. ವಾರಕ್ಕೆ ಮೂರು ದಿನ, ಅಕ್ಷರ ಕೂಡಿಸಲು ತಡವರಿಸುವ ಮಕ್ಕಳನ್ನು ಗ್ರಂಥಾಲಯದ ಮೂಲೆಯಲ್ಲಿ ಕೂರಿಸಿಕೊಂಡು ಓದಿಸುತ್ತಾರೆ. ಗಂಡ ಮಧುಕರ ಔಷಧ ಕಾರ್ಖಾನೆಯ ಕೆಲಸಕ್ಕೆಂದು ಮೈಸೂರು ಬಿಟ್ಟು ಬಂದಾಗ ಜೊತೆಗೆ ಬಂದವರು. ಅಲ್ಲಿ ಇಪ್ಪತ್ತು ವರ್ಷ ಟೀಚರ್ ಆಗಿದ್ದವರಿಗೆ ಇಲ್ಲಿ ಕೈಕಟ್ಟಿ ಕೂರಲು ಆಗಲಿಲ್ಲ. ಮಕ್ಕಳೆಂದರೆ ಜೀವ, ಆದರೆ ಸುಳ್ಳೆಂದರೆ ಕೆಂಡ. ಹಾಜರಿ ಪುಸ್ತಕದಲ್ಲಿ ತಿದ್ದಿ ಬರೆದದ್ದು ಕಂಡರೂ ಕಾರಣ ಕೇಳದೆ ಬಿಡುವವರಲ್ಲ.

ಆ ಕಾರಣಕ್ಕೇ ಇರಬೇಕು, ಶಾಲೆಯ ಆಡಳಿತ ಮಂಡಳಿಗೆ ಅವರನ್ನು ಸದಸ್ಯೆಯಾಗಿ ಸೇರಿಸಿಕೊಂಡರು. ಶಾಲೆಗೆ ಒಳ್ಳೆಯ ಹೆಸರಿತ್ತು. ಸೀಟು ಕಡಿಮೆ, ಕೇಳುವವರು ಹೆಚ್ಚು. ಹತ್ತಿರದಲ್ಲಿ ವಾಸವಿರುವವರ ಮಕ್ಕಳಿಗೇ ಮೊದಲು ಸೀಟು ಎಂದು ಮಂಡಳಿ ನಿಯಮ ಮಾಡಿತ್ತು. ಹೋದ ವರ್ಷ ಸೀಟು ಸಿಗದ ಕೆಲವರು ಸೇರಿ ದೂರು ಕೊಟ್ಟರು: ಎಷ್ಟೋ ಜನ ಸುಳ್ಳು ವಿಳಾಸ ಬರೆದು ಮಕ್ಕಳನ್ನು ಸೇರಿಸಿದ್ದಾರೆ, ಮನೆ ನೋಡಿದರೆ ಎಲ್ಲೋ ದೂರದ ಕಸರಾನಿಯಲ್ಲಿದೆ ಎಂದು. ಅನುಮಾನ ಬಂದ ಇಪ್ಪತ್ತೇಳು ಕುಟುಂಬಗಳ ಪಟ್ಟಿ ತಯಾರಾಯಿತು. ಮನೆಮನೆಗೆ ಹೋಗಿ ನೋಡಿ ವರದಿ ಕೊಡುವ ಕೆಲಸ ಯಾರಿಗೂ ಬೇಡವಾಗಿತ್ತು.

"ಕೊಡಿ, ನಾನು ಹೋಗಿ ಬರ್ತೀನಿ. ಸುಳ್ಳಿದ್ರೆ ಸುಳ್ಳು ಅಂತಲೇ ಬರೀತೀನಿ" ಎಂದರು ಮೈಥಿಲಿ.

ಬಿಸಿಲಿಗೆ ಕೊಡೆ ಹಿಡಿದು ಸೋಮವಾರ ಹೊರಟರು. ಮೊದಲ ವಿಳಾಸ ಒಂದು ದರ್ಜಿ ಅಂಗಡಿ. ಅದರ ಹಿಂದೆ ಮನೆಯೇ ಇರಲಿಲ್ಲ. ಪಟ್ಟಿಯಲ್ಲಿದ್ದ ಅಕ್ಕತಂಗಿಯರ ಅಪ್ಪ ಅಲ್ಲಿ ಬಟ್ಟೆ ಇಸ್ತ್ರಿ ಮಾಡುತ್ತಿದ್ದ. "ನಾನು ಶಾಲೆಯಿಂದ ಬಂದಿದೀನಿ, ವಿಳಾಸ ಪರೀಕ್ಷೆ ಮಾಡೋಕೆ" ಎಂದಾಗ ಅವನು ಇಸ್ತ್ರಿಪೆಟ್ಟಿಗೆಯನ್ನು ಪಕ್ಕಕ್ಕಿಟ್ಟು ಬಾಗಿಲ ಕಡೆ ನೋಡಿದ. ಮೈಥಿಲಿ ಪುಸ್ತಕದಲ್ಲಿ ಗುರುತು ಹಾಕಿಕೊಂಡು ಮುಂದೆ ನಡೆದರು. ಮೂರು ದಿನ ಹೀಗೇ ತಿರುಗಿದರು. ಒಂದು ವಿಳಾಸವಂತೂ ಅವರದೇ ಕಟ್ಟಡದ್ದು. ಎರಡು ಮಹಡಿ ಮೇಲಿನ ವಿಭಾಳ ಫ್ಲ್ಯಾಟು. "ಮ್ವೆಂಡೆ ಅನ್ನೋ ಮಗು ನಿಮ್ಮನೇಲಿ ಇದೆಯೇನಮ್ಮ?" ಎಂದು ಹೋಗಿ ಕೇಳಿದ್ದರು. ಇಲ್ಲ ಎಂದು ವಿಭಾ ತಲೆಯಾಡಿಸಿದ್ದಳು.

ಗುರುವಾರ ಶಾಲೆಗೆ ಹೋದರೆ ಇಸ್ತ್ರಿಯವನ ಇಬ್ಬರು ಹೆಣ್ಣುಮಕ್ಕಳೂ ಬಂದಿರಲಿಲ್ಲ. ಅಂಗಡಿಗೆ ಹೋಗಿ ವಿಚಾರಿಸಿದರು. "ಕೆಲಸ ಬಿಟ್ಟು ಹೋದ. ಶಾಲೆಯವರು ಪೊಲೀಸರಿಗೆ ಹಿಡಿದುಕೊಡ್ತಾರೆ ಅಂತ ಹೆದರಿದ್ದ. ಎಲ್ಲಿಗೆ ಹೋದನೋ ಗೊತ್ತಿಲ್ಲ" ಎಂದ ದರ್ಜಿ. ಹಿರಿಯವಳು ಗ್ರಂಥಾಲಯದ ಮೂಲೆಯಲ್ಲಿ ಅದೇ ತಾನೇ ಪೂರ್ತಿ ಪುಟ ಓದಲು ಕಲಿತಿದ್ದಳು.

ಅದೇ ಸಂಜೆ ವಿಭಾ ಕೆಳಗಿಳಿದು ಬಂದಳು. ಮುಖ ಕೆಂಪಾಗಿತ್ತು.

"ಆಂಟಿ, ಮ್ವೆಂಡೆ ನಮ್ಮನೆ ಕೆಲಸದ ಕವಾಟಾಳ ಮಗಳಂತೆ! ಕೇಳಿದ್ದಕ್ಕೆ ಅವಳೇ ಒಪ್ಪಿಕೊಂಡ್ಲು. ಡ್ರಾಯರ್‌ನಲ್ಲಿದ್ದ ನೀರಿನ ಬಿಲ್ಲನ್ನ ಫೋನಲ್ಲಿ ಫೋಟೋ ತೆಗೆದು ಶಾಲೆಗೆ ಕೊಟ್ಟಿದಾಳೆ. ನಾಲ್ಕು ವರ್ಷದಿಂದ ನಂಬಿ ಕೀ ಕೊಟ್ಟಿದ್ದೆ. ನೀವು ರಿಪೋರ್ಟ್ ಮಾಡಿ. ನಾನು ತಿಂಗಳ ಕೊನೆಗೆ ಬಿಡಿಸ್ತೀನಿ."

ಮಧುಕರ ಕೋಣೆಯಲ್ಲೇ ಕೂತು ಕೇಳಿಸಿಕೊಂಡಿದ್ದರು. ವಿಭಾ ಹೋದಮೇಲೆ, "ನೀನು ತಪ್ಪೇನೂ ಮಾಡಿಲ್ಲವಲ್ಲೇ. ಅವರು ಕೇಳಿದ ಪಟ್ಟಿ ಕೊಟ್ಟು ಕೈತೊಳ್ಕೊ" ಎಂದರು.

"ಕೈ ತೊಳ್ಕೊಳ್ಳೋದು ಸುಲಭ ರೀ. ಮನೆಬಾಗಿಲು ತಟ್ಟಿದವಳು ನಾನು" ಎಂದರು ಮೈಥಿಲಿ.

ಭಾನುವಾರ ಅವರು ಕಟ್ಟಡದ ಕಾವಲುಗಾರನಿಂದ ಕವಾಟಾಳ ಮನೆ ಎಲ್ಲೆಂದು ತಿಳಿದುಕೊಂಡು, ಎರಡು ಮಟಾಟು ವ್ಯಾನು ಬದಲಿಸಿ ಕಸರಾನಿಗೆ ಹೋದರು. ತಗಡಿನ ಚಾವಣಿಯ ಸಾಲುಮನೆಗಳಲ್ಲಿ ಒಂದು ಕೋಣೆ. ಬಾಗಿಲು ತೆಗೆದ ಕವಾಟಾ ಅವರನ್ನು ನೋಡಿ ಹಿಂದೆ ಸರಿದಳು. ಇಲ್ಲಿ ತಾಯಂದಿರನ್ನು 'ಮಾಮಾ', ಅಂದರೆ ಅಮ್ಮ, ಎಂದು ಸೇರಿಸಿ ಮಕ್ಕಳ ಹೆಸರಿನಿಂದಲೇ ಕರೆಯುವುದು; ಮೈಥಿಲಿಯವರ ಮಗನ ಹೆಸರು ಅವಳಿಗೆ ಗೊತ್ತಿತ್ತು.

"ಮಾಮಾ ಸಾತ್ವಿಕ್, ನೀವು ಇಲ್ಲಿಗೂ ಬಂದ್ರಾ?"

"ಬೈಯೋಕೆ ಬಂದಿಲ್ಲ, ಮಾಮಾ ಮ್ವೆಂಡೆ. ಯಾಕೆ ಹೀಗೆ ಮಾಡಿದೆ ಅಂತ ಕೇಳೋಕೆ ಬಂದೆ" ಎಂದು ಮೈಥಿಲಿ ತಮ್ಮ ಮಾರುಕಟ್ಟೆಯ ಸ್ವಾಹಿಲಿಯಲ್ಲೇ ಹೇಳಿದರು.

ಕವಾಟಾ ಹಾಲುಹಾಕಿದ ಚಹಾ ಮಾಡಿಕೊಟ್ಟಳು. ಆಮೇಲೆ ಮೆಲ್ಲಗೆ ಬಾಯಿಬಿಟ್ಟಳು. ಮಗುವಿಗೆ ಉಬ್ಬಸ. ಮೊದಲು ಇಲ್ಲೇ ಹತ್ತಿರದ ಶಾಲೆಗೆ ಹಾಕಿದ್ದಳು. ಒಂದು ದಿನ ಮಗುವಿಗೆ ಉಸಿರು ಕಟ್ಟಿತು. ಶಾಲೆಯಿಂದ ಫೋನು ಬಂದಾಗ ಅವಳು ಪಾರ್ಕ್‌ಲ್ಯಾಂಡ್ಸ್‌ನಲ್ಲಿ ನೆಲ ಒರೆಸುತ್ತಿದ್ದಳು. ಮಟಾಟು ಸಿಕ್ಕಿ, ಟ್ರಾಫಿಕ್ ದಾಟಿ ಬರುವಷ್ಟರಲ್ಲಿ ಎರಡು ಗಂಟೆ. ಯಾರೋ ಪುಣ್ಯಾತ್ಮರು ಆಸ್ಪತ್ರೆಗೆ ಸೇರಿಸಿದ್ದರು.

"ಈಗ ಬೆಳಿಗ್ಗೆ ಐದಕ್ಕೆ ಇಬ್ಬರೂ ಒಟ್ಟಿಗೆ ಹೊರಡ್ತೀವಿ. ಶಾಲೆಯಿಂದ ಫೋನು ಬಂದರೆ ಹತ್ತು ನಿಮಿಷಕ್ಕೆ ಓಡಿ ಹೋಗ್ತೀನಿ. ಸುಳ್ಳು ಬರೆದದ್ದು ನಿಜ. ಇನ್ನೇನು ಮಾಡಲಿ?"

ಮೈಥಿಲಿ ಚಹಾದ ಲೋಟ ಕೆಳಗಿಟ್ಟು ಎದ್ದರು. ಮರಳುವ ಮಟಾಟುವಿನಲ್ಲಿ ಕೂತು ತಮ್ಮ ಪುಸ್ತಕ ಬಿಚ್ಚಿ ಮತ್ತೆ ನೋಡಿದರು. ಅವರು ಗುರುತು ಹಾಕಿದ ಮನೆಗಳಲ್ಲಿ ಹೆಚ್ಚಿನವು ಸುಮ್ಮನೆ ಬರೆದ ವಿಳಾಸಗಳಲ್ಲ. ಅಡುಗೆಯವಳು ಅಡುಗೆ ಮಾಡುವ ಮನೆ, ಡ್ರೈವರ್ ಕಾರು ತೊಳೆಯುವ ಮನೆ, ಅಸ್ಕರಿ ಗೇಟು ಕಾಯುವ ಕಟ್ಟಡ. ಲೆಕ್ಕ ಹಾಕಿದರೆ, ಬಿಟ್ಟುಹೋದ ಇಸ್ತ್ರಿಯವನಲ್ಲದೆ ಇನ್ನೂ ಇಪ್ಪತ್ತು ಕುಟುಂಬಗಳು ತಾವು ದುಡಿಯುವ ಜಾಗವನ್ನೇ ಮನೆಯೆಂದು ಬರೆದಿದ್ದವು.

ಮರುದಿನದಿಂದ ಅವರು ಅದೇ ಬೀದಿಗಳನ್ನು ಮತ್ತೆ ಸುತ್ತಿದರು. ಈ ಸಲ ಶಾಲೆಯ ಹೆಸರು ಹೇಳಿ ಹೆದರಿಸಲಿಲ್ಲ. ಒಬ್ಬೊಬ್ಬ ತಾಯಿತಂದೆಯನ್ನೂ ಪಕ್ಕಕ್ಕೆ ಕರೆದು ಒಂದೇ ಮಾತು: "ನಾನು ಸುಳ್ಳು ಬರೆಯೋಳಲ್ಲ. ಆದರೆ ನಿಮ್ಮ ಬೆನ್ನ ಹಿಂದೆ ವರದಿನೂ ಕೊಡಲ್ಲ. ನೀವೇ ಬಂದು ನಿಜವಾದ ವಿಳಾಸ ಬರೀರಿ, ಇಲ್ಲಿ ಕೆಲಸ ಮಾಡ್ತೀರಿ ಅಂತ ಕೆಲಸದ ಮನೆಯಿಂದ ಒಂದು ಪತ್ರ ತನ್ನಿ. ನಾನು ಜೊತೆಗೆ ನಿಂತ್ಕೋತೀನಿ." ಕೆಲವರು ನಂಬಲಿಲ್ಲ, ಒಬ್ಬ ಅಡುಗೆಯವಳು ಮುಖದ ಮೇಲೇ ಬಾಗಿಲು ಹಾಕಿದಳು. ಮೈಥಿಲಿ ಆ ಬಾಗಿಲಿಗೆ ಮೂರು ಸಲ ಹೋದರು.

ಎಲ್ಲಕ್ಕಿಂತ ಕಷ್ಟವಾದದ್ದು ಎರಡು ಮಹಡಿ ಹತ್ತುವುದು. ಕವಾಟಾಳನ್ನು ಕರೆದುಕೊಂಡೇ ಹೋದರು.

"ನನ್ನ ಕೇಳದೆ ತಗೊಂಡಿದ್ದು ತಪ್ಪಲ್ವಾ ಆಂಟಿ?" ಎಂದಳು ವಿಭಾ.

"ತಪ್ಪೇ. ಅದನ್ನ ಅವಳೇ ಹೇಳಬೇಕು ಅಂತ ಕರ್ಕೊಂಡು ಬಂದೆ."

ಕವಾಟಾ ತಲೆ ತಗ್ಗಿಸಿ, "ಪೋಲೆ ಸಾನಾ, ಮಾಮಾ" ಎಂದು ಕ್ಷಮೆ ಕೇಳಿದಳು. "ಕೇಳಿದ್ದರೆ ಇಲ್ಲ ಅಂತೀರೇನೋ ಅನ್ನೋ ಭಯ ಇತ್ತು. ಮ್ವೆಂಡೆಗೆ ಉಸಿರು ಕಟ್ಟಿದ ದಿನದಿಂದ ನನಗೆ ಭಯ ಬಿಟ್ಟು ಬೇರೇನೂ ಗೊತ್ತಿಲ್ಲ."

"ಉಸಿರು ಕಟ್ಟಿದ್ದಾ? ಯಾವಾಗ?" ವಿಭಾ ಗಕ್ಕನೆ ತಲೆ ಎತ್ತಿದಳು. ನಾಲ್ಕು ವರ್ಷದಲ್ಲಿ ಆ ಮಗುವಿನ ಹೆಸರನ್ನೂ ತಾನು ಕೇಳಿರಲಿಲ್ಲ ಎನ್ನುವುದು ಅವಳಿಗೆ ಆಗ ಹೊಳೆದಿರಬೇಕು. ಕವಾಟಾ ಎಲ್ಲ ಹೇಳಿ ಮುಗಿಸುವ ತನಕ ಕೂತು ಕೇಳಿದಳು. ಕೊನೆಗೆ ಲ್ಯಾಪ್‌ಟಾಪ್ ತಂದು ಪತ್ರ ಟೈಪ್ ಮಾಡಿದಳು. "ನನಗಿನ್ನೂ ಸಿಟ್ಟಿದೆ" ಎನ್ನುತ್ತಲೇ ಸಹಿ ಹಾಕಿದಳು. ಕೆಲಸ ಬಿಡಿಸುವ ಮಾತು ಮತ್ತೆ ಎತ್ತಲಿಲ್ಲ.

ಮಂಡಳಿಯ ಸಭೆಯ ದಿನ ಹೊರಗಿನ ಬೆಂಚುಗಳ ಮೇಲೆ ಹತ್ತೊಂಬತ್ತು ಕುಟುಂಬದವರು ಕೂತಿದ್ದರು. ಬಾಗಿಲು ಹಾಕಿದ್ದ ಅಡುಗೆಯವಳು ಇನ್ನೂ ಬಂದಿರಲಿಲ್ಲ. ಮೈಥಿಲಿ ಎದ್ದು ನಿಂತು ವರದಿ ಓದಿದರು.

"ದೂರು ನಿಜ. ಇಪ್ಪತ್ತೇಳರಲ್ಲಿ ಒಂದು ಕುಟುಂಬವೂ ಬರೆದ ವಿಳಾಸದಲ್ಲಿ ವಾಸವಿಲ್ಲ. ಇಪ್ಪತ್ತು ಕುಟುಂಬದವರು ಅಲ್ಲಿ ಬೆಳಿಗ್ಗೆಯಿಂದ ಸಂಜೆವರೆಗೆ ದುಡಿಯುತ್ತಾರೆ. ನಮ್ಮ ಮನೆಗಳನ್ನು ನಡೆಸುವವರು ಅವರು. ಅವರ ಮಕ್ಕಳು ಈ ಬೀದಿಗೆ ಹೊರಗಿನವರೇ? ತಾಯಿತಂದೆ ಹತ್ತಿರದಲ್ಲಿ ಕೆಲಸ ಮಾಡುತ್ತಿದ್ದರೂ ಸೀಟು ಕೊಡಬಹುದು ಎಂದು ನಿಯಮಕ್ಕೆ ಸೇರಿಸಿ. ಆಗ ಯಾರೂ ಸುಳ್ಳು ಬರೆಯಬೇಕಿಲ್ಲ."

"ನೀವು ಸುಳ್ಳುಗಾರರ ಪರ ನಿಂತಿದ್ದೀರಿ, ಮೇಡಂ" ಎಂದರು ಒಬ್ಬ ಸದಸ್ಯರು.

"ಸುಳ್ಳನ್ನು ನಾನೇ ನಿಮಗೆ ಓದಿ ಹೇಳಿದೆನಲ್ಲ, ಸರ್. ಅವರೂ ಒಪ್ಪಿಕೊಳ್ಳಲೆಂದೇ ಹೊರಗೆ ಕೂತಿದ್ದಾರೆ. ಕರೆಯಿರಿ, ಕೇಳಿ."

ಒಬ್ಬೊಬ್ಬರಾಗಿ ಒಳಗೆ ಬಂದು ತಮ್ಮ ನಿಜವಾದ ವಿಳಾಸ ಬರೆದರು. ಅಷ್ಟರಲ್ಲಿ ಅಡುಗೆಯವಳೂ ಏದುಸಿರು ಬಿಡುತ್ತಾ ಬಂದಳು. ಮಧ್ಯಾಹ್ನದವರೆಗೆ ವಾದ ನಡೆಯಿತು. ಕೊನೆಗೆ ಮುಖ್ಯೋಪಾಧ್ಯಾಯಿನಿ ನ್ಯಾಂಬುರಾ ಮೈಥಿಲಿಯವರ ಪಕ್ಕ ನಿಂತರು, ನಿಯಮ ಬದಲಾಯಿತು. ಇಪ್ಪತ್ತು ಕುಟುಂಬಗಳ ಮಕ್ಕಳೂ ಉಳಿದರು. ಈ ಕಡೆ ಮನೆಯೂ ಇಲ್ಲದ, ಕೆಲಸವೂ ಇಲ್ಲದ ಆರು ಕುಟುಂಬಗಳಿಗೆ ವರ್ಷದ ಕೊನೆಯವರೆಗೆ ಸಮಯ ಕೊಟ್ಟರು. ಅವರಲ್ಲಿ ಒಬ್ಬ ಸ್ವಂತ ಕಾರಿನಲ್ಲಿ ಮಗನನ್ನು ತಂದು ಬಿಡುತ್ತಿದ್ದ ವ್ಯಾಪಾರಿ. ತನ್ನ ಪರವಾಗಿಯೂ ಮಾತಾಡಿ ಎಂದು ಅವನು ಕೇಳಿದಾಗ ಮೈಥಿಲಿ ಆಗುವುದಿಲ್ಲ ಎಂದರು.

ಈಗ ಪ್ರತಿ ಜನವರಿಯಲ್ಲಿ, ಹೊಸ ಮಕ್ಕಳು ಸೇರುವಾಗ, ವಿಳಾಸ ನೋಡಿ ಬರುವ ಕೆಲಸ ಅವರದೇ. ಅವರು ಬೀದಿಯಲ್ಲಿ ಬಂದರೆ ಅಸ್ಕರಿಗಳು ಕುರ್ಚಿ ಬಿಟ್ಟುಕೊಡುತ್ತಾರೆ. ಆದರೆ ಮನಸ್ಸಿಗೆ ಪೂರ್ತಿ ನೆಮ್ಮದಿಯಿಲ್ಲ. ಇಸ್ತ್ರಿ ಅಂಗಡಿ ಎಲ್ಲಿ ಕಂಡರೂ ನಿಂತು, ಇಬ್ಬರು ಹೆಣ್ಣುಮಕ್ಕಳಿರುವವನು ಇಲ್ಲಿಗೇನಾದರೂ ಕೆಲಸಕ್ಕೆ ಬಂದನೇ ಎಂದು ವಿಚಾರಿಸುತ್ತಾರೆ. ಇನ್ನೂ ಸಿಕ್ಕಿಲ್ಲ. ಆ ಇಬ್ಬರ ಹೆಸರನ್ನು ಶಾಲೆಯ ಪುಸ್ತಕದಿಂದ ತೆಗೆಯಲು ಮೈಥಿಲಿ ಬಿಟ್ಟಿಲ್ಲ.