ಚೌಡವ್ವನ ತಂಬಿಗೆ

ರಾಣೆಬೆನ್ನೂರಿನ ನಮ್ಮ ಓಣಿಯಲ್ಲಿ ಚೌಡವ್ವನ ಕಣ್ಣು ತಪ್ಪಿಸಿ ಒಂದು ನಳವೂ ಸೋರುವಂತಿಲ್ಲ. ಹಲ್ಲುಜ್ಜುತ್ತ ನಳ ಬಿಟ್ಟುಕೊಂಡು ನಿಂತವರಿಗೆ ಅವಳು ಬೈದರೆ ಬಸ್‌ಸ್ಟ್ಯಾಂಡಿನವರೆಗೂ ಕೇಳುತ್ತದೆ. ಮನೆಗೆ ಬೀಗರೇ ಬರಲಿ, ಸಾಹೇಬರೇ ಬರಲಿ, ನಿಂಬೆಗಿಡದ ಬುಡಕ್ಕೆ ಕರೆದೊಯ್ದು ತಂಬಿಗೆ ಕೊಟ್ಟು, "ಇಲ್ಲೇ ಕಾಲ ತೊಳಕೋರಿ, ಗಿಡಾನೂ ಕುಡೀಲಿ" ಎನ್ನುತ್ತಾಳೆ. ಮಳೆ ಕೈಕೊಟ್ಟು ನಮ್ಮ ನಳಗಳಿಗೆ ನೀರು ಬರುವ ತುಂಗಭದ್ರೆಯಲ್ಲಿ ಬಂಡೆಗಳೆದ್ದ ೨೦೦೩ರ ಬೇಸಿಗೆಯಲ್ಲಿ ನಾನು ತಡೆಯಲಾರದೆ ಕೇಳಿದೆ: "ಹೊಳೀನ ಬತ್ತಾಕತ್ತೈತಿ, ನಿನ್ನ ಒಂದ ತಂಬಿಗೀಲೆ ಏನಾಗತೈತಿ ಚಿಗವ್ವಾ?" ಅವಳು ನಕ್ಕಳು. "ಹೊಳಿ ಕೆಳಗ, ಹಡಗಲಿ ಕಡೆ ನನ್ನ ತವರೈತಿ ತಮ್ಮಾ. ವರ್ಷಾ ಪಂಚಮಿಗೆ ಉಂಡಿ ಕಳಿಸ್ತಾರ. ನಾ ಏನ ಕಳಿಸ್ಲಿ? ನಾವಿಲ್ಲಿ ಎತ್ತದ ನೀರು ಅವರಿಗೆ ಮುಟ್ಟತೈತಿ." ಅಂದಿನಿಂದ ನಾನು ಸ್ನಾನಕ್ಕೆ ಒಂದು ಕೊಡ ಕಡಿಮೆ ಮಾಡಿದೆ. ಅವಳು ಏನು ಹೇಳಿ ಕಳಿಸಿದ್ದಳೋ, ಆ ಪಂಚಮಿಗೆ ಅವಳ ತವರಿನ ಬುತ್ತಿಯಲ್ಲಿ ನನ್ನ ಪಾಲಿನ ಉಂಡಿಯೂ ಬಂತು.